ಬಸ್ಸಿಗೂ ಬಸಿರಿಗೂ ಏನು ಸಂಬಂಧ?

ವಿಶ್ವ ಜನಸಂಖ್ಯಾ ದಿನದ ನೆಪದಲ್ಲಿ ನಮ್ಮೂರಿಗೆ ಬಂದು, ನಮ್ಮನ್ನು ಬೈದು, ನಮ್ಮ ಕೈಯಿಂದಲೇ ಹಾರ ಹಾಕಿಸಿಕೊಂಡು ಹೋದ ಜಿಲ್ಲೆಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

“ಇದು ಜನಸಂಖ್ಯೆಯ ಕಾರ್ಯಕ್ರಮ, ಬಸ್ಸಿನ ವಿಷಯ ಇಲ್ಲಿ ತರಬೇಡಮ್ಮಾ” ಎಂದು ಹದಿನಾರು ವರ್ಷದ ಹುಡುಗಿಯೊಬ್ಬಳ ಅರ್ಜಿಯನ್ನು ಓದದೆಯೇ ಅವಳ ಕೈಗೆ ವಾಪಸು ಕೊಟ್ಟಿರಲ್ಲ, ನನ್ನ ತಕರಾರು ಅದರ ಮೇಲಿದೆ. ಆ ಹುಡುಗಿ ಮೈತ್ರಿ, ನಮ್ಮ ಭಾವನ ಮೊಮ್ಮಗಳು. ಆಳಂದದ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಓದುತ್ತಿದ್ದಳು ಎನ್ನಬೇಕೋ ಏನೋ, ಅದು ಈಗ ನಿಮ್ಮ ಕೈಯಲ್ಲಿದೆ. ಬಸ್ಸಿಗೂ ಜನಸಂಖ್ಯೆಗೂ ಏನು ಸಂಬಂಧ ಎಂದು ನೀವು ಅಂದು ನಕ್ಕಿರಿ. ನಿಮ್ಮ ಹಿಂದೆ ನಿಂತವರೂ ನಕ್ಕರು, ಸಾಹೇಬರು ನಕ್ಕ ಮೇಲೆ ನಗದಿದ್ದರೆ ಹೇಗೆ! ಆ ಸಂಬಂಧವನ್ನು ತಿಳಿಸಿಕೊಡಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಭಾಷಣಕ್ಕೆ ಬರೋಣ. ಪರದೆಯ ಮೇಲೆ ಲೋಕದ ನಕಾಶೆ ಮೂಡಿಸಿದಿರಿ. ಜನ ಏರುತ್ತಿರುವ ದೇಶಗಳಿಗೆ ಕೆಂಪು, ಇಳಿಯುತ್ತಿರುವ ದೇಶಗಳಿಗೆ ನೀಲಿ. ಜಪಾನಿನವರು ಶಿಸ್ತಿನ ಜನ, ನೈಜರ್ ದೇಶದವರು ಶಿಸ್ತಿಲ್ಲದವರು ಎಂದಿರಿ. ಮರುಕ್ಷಣ ಜಿಲ್ಲೆಯ ನಕಾಶೆ ಬಂತು. ಆಳಂದ, ಅಫಜಲಪುರ, ಜೇವರ್ಗಿ ಮೂರಕ್ಕೂ ಕೆಂಪು. “ತಿಳಿವಳಿಕೆ ಇದ್ದಲ್ಲಿ ಮನೆ ಚಿಕ್ಕದಿರುತ್ತದೆ, ಇಲ್ಲದಲ್ಲಿ ತೊಟ್ಟಿಲು ನಿಲ್ಲುವುದೇ ಇಲ್ಲ” ಎಂದಿರಿ. ಗಂಡಸರು ಹಿಂದೆ ಬೇವಿನ ಕಟ್ಟೆಯ ಮೇಲೆ ತಣ್ಣಗೆ ಕೂತಿದ್ದರು. ಬೈಸಿಕೊಳ್ಳಲು ಅನುಕೂಲವಾಗಲೆಂದು ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂಡಿಸಿದ್ದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಆಮೇಲೆ ‘ಆದರ್ಶ ಚಿಕ್ಕ ಕುಟುಂಬ’ ಎಂದು ಸುಮಿತ್ರಾಬಾಯಿಯನ್ನು ಕರೆದು ಶಾಲು ಹೊದಿಸಿದಿರಿ. ಒಂದೇ ಕೂಸು, ಎಂಥ ವಿವೇಕ ಎಂದು ಕೊಂಡಾಡಿದಿರಿ. ಆಕೆ ಅತ್ತಳು. ಆನಂದಬಾಷ್ಪ ಎಂದು ಧ್ವನಿವರ್ಧಕದಲ್ಲಿ ಸಾರಿಸಿದಿರಿ. ಮಾನ್ಯರೇ, ಸುಮಿತ್ರಾಬಾಯಿ ಹೆತ್ತದ್ದು ಮೂರು. ಎರಡು ಕೂಸು ಹೆರಿಗೆಗೆ ಒಯ್ಯುವ ದಾರಿಯಲ್ಲೇ ಹೋದವು, ಮೂರನೆಯದರ ಹೊತ್ತಿಗೆ ಗರ್ಭಚೀಲ ತೆಗೆದರು. ಊರಿನ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ನೀವು ಒಂದು ಎಂದು ಎಣಿಸಿದಿರಿ, ಯಾಕೆ ಒಂದು ಎಂದು ಕೇಳಲಿಲ್ಲ. ಆ ಶಾಲಿನ ಮಡಿಕೆಯನ್ನು ಆಕೆ ಇನ್ನೂ ಬಿಚ್ಚಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ಒಂದು ಮನೆಯನ್ನು ಹೀಗೆ ಓದುವವರು ದೇಶಗಳನ್ನು ಹೇಗೆ ಓದಿಯಾರು?

ನಾನು ಹುಟ್ಟಿದ್ದು ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ, ಭೀಮಾ ದಂಡೆಯ ಮೇಲೆ. ಕೊಟ್ಟಿದ್ದು ಆಳಂದ ತಾಲೂಕಿಗೆ. ಮಗಳು ವಿದ್ಯಾವತಿಯನ್ನು ಕೊಟ್ಟಿದ್ದು ಜೇವರ್ಗಿಗೆ. ನೀವು ಕೆಂಪು ಬಳಿದ ಮೂರೂ ಕಡೆ ನನ್ನ ಕರುಳುಬಳ್ಳಿ ಇದೆ, ಹಾಗಾಗಿ ಮಾತಾಡುವ ಹಕ್ಕೂ ಇದೆ. ನನ್ನ ಅವ್ವನ ಅವ್ವ ಮಾಣಿಕಮ್ಮ ಒಂಬತ್ತು ಹೆತ್ತಳು. ಸಾಲಾಗಿ ನಾಲ್ಕು ಕೂಸು ಮಣ್ಣಿಗೆ ಹೋದ ಮೇಲೆ ಹುಟ್ಟಿದ ಗಂಡುಕೂಸನ್ನು ಒಯ್ದು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದು ಹೆಸರಿಟ್ಟರು. ಇದು ಕಸ, ಇದರ ಮೇಲೆ ಯಾಕೆ ಕಣ್ಣು ಹಾಕುತ್ತೀ ಎಂದು ಸಾವಿಗೆ ಹೇಳುವ ರೀತಿ ಅದು. ಆಗ ಓಣಿಗೊಬ್ಬ ತಿಪ್ಪಣ್ಣ, ಓಣಿಗೊಬ್ಬಳು ತಿಪ್ಪವ್ವ. ನಾನು ಸಣ್ಣವಳಿದ್ದಾಗ ಒಮ್ಮೆ ಆಯಿಯ, ಅಂದರೆ ಈ ಅಜ್ಜಿಯ, ಒಂಬತ್ತು ಹೆರಿಗೆಯ ಮಾತಿಗೆ ನಕ್ಕಿದ್ದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಹೇಳಿದಳು: “ನಗ್ತೀಯೇನ ಬೇ? ಮೂರು ಉಳಿಸ್ಕೊಳ್ಳಾಕ ಒಂಬತ್ತು ಹಡದೀನಿ ನಾ.”

ನನ್ನ ಅವ್ವ ಏಳು ಹೆತ್ತಳು, ಆರು ಬದುಕಿದವು. ಅವ್ವನಿಗೆ ತಿಳಿವಳಿಕೆ ಇರಲಿಲ್ಲವೇ? ಅಷ್ಟೊತ್ತಿಗೆ ಊರಿಗೆ ಲಸಿಕೆಯ ಸೂಜಿ ಬಂದಿತ್ತು, ಸಿಡುಬು ಇಳಿಯುತ್ತಿತ್ತು, ಕುಡಿಯಲು ಬೋರಿನ ನೀರಿತ್ತು. ಆದರೆ ದೂರ ಸರಿದ ಸಾವು ಮತ್ತೆ ಬರುವುದಿಲ್ಲ ಎಂದು ಆಕೆಗೆ ಯಾರು ಬರೆದುಕೊಟ್ಟಿದ್ದರು? ನಂಬಿಕೆ ಬರುವಷ್ಟರಲ್ಲಿ ಏಳಾಗಿದ್ದವು. ಸಾವು ಮೊದಲು ಇಳಿಯುತ್ತದೆ, ಹೆರಿಗೆ ಒಂದು ತಲೆಮಾರು ತಡವಾಗಿ ಇಳಿಯುತ್ತದೆ, ನಡುವಿನ ಆ ಸಂದಿನಲ್ಲಿ ಮನೆ ತುಂಬುತ್ತದೆ. ಲೋಕದಲ್ಲಿ ಬಹುತೇಕ ಕಡೆ ಜನ ಉಕ್ಕಿದ್ದು ಇದೇ ಸಂದಿನಲ್ಲಿ. ನಾನು ಮೂರಕ್ಕೆ ನಿಲ್ಲಿಸಿದೆ. ಡಿ.ಎಡ್ ಓದಿದ ನನ್ನ ಮಗಳು ಎರಡಕ್ಕೆ ಮುಗಿಸಿದಳು. ಇನ್ನೊಂದಾಗಲಿ ಎಂದು ಅವಳ ಅತ್ತೆ ರಾಗ ಎಳೆದಾಗ, “ನೀವ ಹಡೀರಿ ಅತ್ತಿ, ಬಾಣಂತನ ನಾ ಮಾಡ್ತೀನಿ” ಅಂದಳಂತೆ. ಇವತ್ತು ನಮ್ಮೂರಲ್ಲಿ ಒಬ್ಬ ಎಳೆಯ ತಿಪ್ಪಣ್ಣನನ್ನು ಹುಡುಕಿ ತೋರಿಸಿ ನೋಡೋಣ. ಸಿಗುವವರೆಲ್ಲ ಸೃಷ್ಟಿ, ಮೈತ್ರಿಗಳೇ. ಆ ಹೆಸರು ಊರು ಬಿಟ್ಟದ್ದು ಯಾವ ಭಾಷಣಕ್ಕೂ ಹೆದರಿ ಅಲ್ಲ.

ನಿಮ್ಮ ಭಾಷಣ ಕೇಳಿ ಬಂದ ಸಂಜೆ ಮೈತ್ರಿ ಊಟ ಬಿಟ್ಟು ಮೊಬೈಲು ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಕೂಗಿದಳು: “ಆಯಿ, ಇಲ್ಲಿ ನೋಡು! ಕೊರಿಯಾದಾಗ ಅರವತ್ತು ವರ್ಷದ ಹಿಂದ ಒಬ್ಬೊಬ್ಬಾಕಿ ಐದಾರು ಹಡೀತಿದ್ಲಂತ. ಈಗ ಸರಾಸರಿ ಒಂದೂ ಪೂರ್ತಿ ಬೀಳಂಗಿಲ್ಲಂತ. ರೊಕ್ಕ ಕೊಡ್ತೀವಿ ಹಡೀರಿ ಅಂತ ಸರಕಾರದವ್ರೇ ಕೈ ಮುಗೀಲಾಕತ್ತಾರ!” ನಾನು ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಕೂತೆ. ನಿಮ್ಮ ಶಿಸ್ತಿನ ಜಪಾನಿನಲ್ಲೂ ನೂರು ವರ್ಷದ ಹಿಂದೆ ಮನೆಗೆ ಐದು ಮಕ್ಕಳಂತೆ. ಆಗ ಅವರಿಗೆ ಶಿಸ್ತು ಇರಲಿಲ್ಲವೇ? ಇಂಗ್ಲೆಂಡಿನವರು ಒಂದೇ ಶತಮಾನದಲ್ಲಿ ಮೂರು ಪಟ್ಟು ದಾಟಿ ಬೆಳೆದು, ಊರಲ್ಲಿ ಹಿಡಿಸದೆ ಹಡಗು ಹತ್ತಿ ಕಂಡವರ ನೆಲಕ್ಕೆಲ್ಲ ಬೇಲಿ ಹಾಕಿಕೊಂಡರು. ಅವರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ ಬೈದವರು ಯಾರು? ಬಾಂಗ್ಲಾದೇಶದಲ್ಲಿ ಐವತ್ತು ವರ್ಷದ ಹಿಂದೆ ಆರೇಳು ಹೆರುತ್ತಿದ್ದರು, ಈಗ ಎರಡರ ಆಸುಪಾಸು. ಅವರ ದೇವರು ಬದಲಾದನೇ, ರಕ್ತ ಬದಲಾಯಿತೇ? ಹುಡುಗಿಯರು ಶಾಲೆಗೆ ಹೋದರು, ಹೆಂಗಸರ ಕೈಗೆ ದುಡಿಮೆ ಬಂತು, ಆರೋಗ್ಯದಾಕೆ ಮನೆ ಬಾಗಿಲಿಗೆ ಬಂದಳು. ಕೊಲ್ಲಿ ದೇಶಗಳು ತುಂಬಿದ್ದು ಬಹುಪಾಲು ತೊಟ್ಟಿಲಿನಿಂದಲೂ ಅಲ್ಲ, ದುಡಿಯಲು ವಿಮಾನ ಹತ್ತಿ ಬಂದವರಿಂದ. ಇನ್ನು ನೀವು ತಮಾಷೆ ಮಾಡಿದ ನೈಜರ್. ಅಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಕೂಸು ಐದು ವರ್ಷ ಕಾಣುವುದಿಲ್ಲ, ಮುಕ್ಕಾಲು ಪಾಲು ಹುಡುಗಿಯರಿಗೆ ಹದಿನೆಂಟರೊಳಗೇ ಲಗ್ನ. ನನಗೆ ನಮ್ಮ ಮಾಣಿಕಮ್ಮನ ಮುಖ ಕಣ್ಣಿಗೆ ಕಟ್ಟಿತು. ಆ ತಾಯಂದಿರಿಗೆ ಇಲ್ಲಿಂದಲೇ ಕೈ ಮುಗಿದೆ.

ಇನ್ನೊಂದು ಚೋದ್ಯ. ನೀವು ಸಾಕು ಎನ್ನುತ್ತೀರಿ, ಈಚೆಗೆ ದಕ್ಷಿಣದ ನಾಯಕರು ದೊಡ್ಡ ವೇದಿಕೆಗಳಲ್ಲಿ, ಜನ ಕಮ್ಮಿಯಾದರೆ ದಿಲ್ಲಿಯ ಸಂಸತ್ತಿನಲ್ಲಿ ಸೀಟೂ ಕಮ್ಮಿಯಾದೀತು ಎಂದು ‘ಹೆಚ್ಚು ಹೆರಿ’ ಎನ್ನುತ್ತಿದ್ದಾರೆ. ಚೀನಾದಲ್ಲಿ ಒಂದಕ್ಕಿಂತ ಹೆಚ್ಚಾದರೆ ದಂಡ ಹಾಕಿದವರೇ ಈಗ ಮೂರು ಹೆರಿ ಎಂದು ಅಂಗಲಾಚುತ್ತಿದ್ದಾರೆ, ಹೆಂಗಸರು ಕಿವಿಗೇ ಹಾಕಿಕೊಳ್ಳುತ್ತಿಲ್ಲ. ಭಪ್ಪರೇ ಹೆಣ್ಣುಮಕ್ಕಳೇ! ನಮ್ಮ ಹೊಟ್ಟೆ ಏನು ನಿಮ್ಮ ಕಾಲುವೆಯ ಗೇಟೇ, ಬೇಕಾದಾಗ ಎತ್ತಲು, ಬೇಡವಾದಾಗ ಇಳಿಸಲು?

ಈಗ ಬಸ್ಸಿಗೆ ಬರುತ್ತೇನೆ. ಮಾದನಹಿಪ್ಪರಗಾದಿಂದಾಚೆ ಒಳಗೆ ಬಿದ್ದಿರುವ ನಮ್ಮೂರಿಗೆ ಬೆಳಿಗ್ಗೆ ಒಂದು ಬಸ್ಸು ಬರುತ್ತಿತ್ತು. ಕಾಲೇಜು ಶುರುವಾಗುವ ಹೊತ್ತಿಗೆ ಆಳಂದ ಮುಟ್ಟಿಸುತ್ತಿತ್ತು, ಸಂಜೆ ಬೆಳಕಿರುವಾಗಲೇ ತಂದು ಬಿಡುತ್ತಿತ್ತು. ಈ ಮಳೆಗಾಲದ ಆರಂಭಕ್ಕೆ ಅದನ್ನು ನಿಲ್ಲಿಸಿದರು. ಕೇಳಿದರೆ, ಬರೀ ಹುಡುಗಿಯರೇ ಹತ್ತುತ್ತಾರೆ, ಅವರಿಗೆ ಪುಕ್ಕಟೆ, ಟಿಕೆಟ್ಟಿನ ಕಲೆಕ್ಷನ್ ಇಲ್ಲ ಎಂದರು. ಆ ಬಸ್ಸಿನಲ್ಲಿ ಬರೀ ಹುಡುಗಿಯರೇ ಇದ್ದದ್ದು ಅದರ ದೋಷವೋ, ಹೆಚ್ಚುಗಾರಿಕೆಯೋ? ಮೈತ್ರಿಯ ಅಪ್ಪ, ನಮ್ಮ ಭಾವನ ಮಗ ಅನೀಲಕುಮಾರ ಕೆಟ್ಟವನಲ್ಲ. ಬಸ್ಸು ನಿಂತ ಮೂರನೇ ವಾರಕ್ಕೆ ಅವನು ಗಂಡು ಹುಡುಕುತ್ತಿದ್ದಾನೆಂದು ಕೇಳಿ, ಮನೆಗೆ ಹೋಗಿ ಜಾಡಿಸಿದೆ.

“ನಾ ಏನ್ ಶೋಕಿಗಿ ಮಾಡ್ಲಾಕತ್ತೀನೇನ್ರಿ ಕಾಕು?” ಎಂದ. “ಬಸ್ ಇದ್ದಾಗ ಒಂದಿನಾ ತಪ್ಪಸ್ಲಾರ್ದ ಕಳಸೀನಿ. ಈಗ ಟಂಟಂ ಆಟೋದಾಗ ಗಂಡಸರ ನಡುವ ಒತ್ಕೊಂಡು ಕೂತು ಹೋಗ್ಬೇಕು, ಬರೂದ್ರಾಗ ಕತ್ತಲಾಗ್ತದ. ಏನಾರ ಹೆಚ್ಚುಕಮ್ಮಿ ಆದ್ರ ಜಿಮ್ಮೇದಾರಿ ಯಾರ್ದು? ಮನ್ಯಾಗ ಕೂಡ್ಸೋದ್ಕಿಂತ ಒಂದ್ ಛಲೋ ಮನಿ ನೋಡಿ ಕೊಟ್ಟಬಿಡ್ತೀನಿ.”

“ಹದಿನಾರು ಲೇ ಅಕಿಗೆ! ಖಬರ್ ಅದ ಏನು ನಿನಗ?” ಎಂದೆ.

“ನಿಮಗ ಎಷ್ಟಕ್ಕ ಕೊಟ್ಟಿದ್ರು ಕಾಕು?” ಎಂದ.

ಆಗ ಮೈತ್ರಿ ಒಳಗಿನಿಂದ ಬಂದು, “ಆಯಿಗೆ ಆಗ ಯಾರರೆ ಕೇಳ್ಯಾರೇನು? ನನಗರೆ ಕೇಳ್ರಿ ಅಪ್ಪಾ” ಎಂದಳು. ಅನೀಲಕುಮಾರ ತಲೆ ತಗ್ಗಿಸಿದ, ಆದರೆ ಮಾತು ಬದಲಿಸಲಿಲ್ಲ. ಪಂಚಮಿ ಮುಗಿದ ಮೇಲೆ ಸೋಲಾಪುರ ಕಡೆಯವರು ನೋಡಲು ಬರುತ್ತಾರಂತೆ. ಕಾನೂನಿದೆ, ನನಗೂ ಗೊತ್ತು. ಲಗ್ನ ನಡೆದ ಮೇಲೆ ನಿಮ್ಮ ಜೀಪು ಬರುತ್ತದೆ, ಅಪ್ಪನನ್ನು ಒಯ್ಯುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಜೀಪಿಗೆ ಡೀಸೆಲ್ಲು ಇದೆ, ಬಸ್ಸಿಗೆ ಇಲ್ಲ.

ಹದಿನಾರಕ್ಕೆ ಕೊಟ್ಟ ಹುಡುಗಿ ಹದಿನೇಳಕ್ಕೆ ತಾಯಿಯಾಗುತ್ತಾಳೆ. ಓದಿ ಇಪ್ಪತ್ತೆರಡಕ್ಕೆ ಲಗ್ನವಾದವಳು ಎಷ್ಟು ಬೇಕೋ, ಯಾವಾಗ ಬೇಕೋ ತಾನೇ ನಿರ್ಧರಿಸುತ್ತಾಳೆ, ಅತ್ತೆಗೂ ಉತ್ತರ ಕೊಡುತ್ತಾಳೆ, ನಿಮಗೂ ಕೊಡುತ್ತಾಳೆ. ನೀವು ನಕ್ಕ ಸಂಬಂಧ ಇಷ್ಟೇ ಮಾನ್ಯರೇ. ಕೊರಿಯಾಕ್ಕೂ ಬಾಂಗ್ಲಾಕ್ಕೂ ತಿಳಿದದ್ದು ನಮ್ಮ ಜಿಲ್ಲೆಗೆ ತಿಳಿಯಬಾರದೇ?

ನನ್ನ ಬೇಡಿಕೆ ಒಂದೇ. ನಾಗರಪಂಚಮಿಯೊಳಗೆ ಬೆಳಗಿನ ಬಸ್ಸು ನಮ್ಮೂರ ಅಗಸಿ ಬಾಗಿಲ ಮುಂದೆ ಬಂದು ನಿಲ್ಲಬೇಕು, ಕಲೆಕ್ಷನ್ ಇರಲಿ ಬಿಡಲಿ. ನಿಲ್ಲದಿದ್ದರೆ ಸೋಲಾಪುರದವರನ್ನು ನಾನು ಹೊಸ್ತಿಲಲ್ಲೇ ತಡೆಯುತ್ತೇನೆ, ಮನೆಯವರು ಜನ್ಮವಿಡೀ ಮುನಿದರೂ ಚಿಂತೆಯಿಲ್ಲ. ಆದರೆ ಆ ಬಸ್ಸು ಹತ್ತುತ್ತಿದ್ದ ಹುಡುಗಿಯರು ಇಪ್ಪತ್ತಕ್ಕೂ ಹೆಚ್ಚು. ಅರವತ್ತು ದಾಟಿದ ನಾನು ಎಷ್ಟು ಮನೆಗಳ ಹೊಸ್ತಿಲಲ್ಲಿ ಕೂಡಲಿ? ಮುಂದಿನ ವರ್ಷ ನೀವು ಮತ್ತೆ ಭಾಷಣಕ್ಕೆ ಬಂದಾಗ ಅವರಲ್ಲಿ ಒಬ್ಬಳಾದರೂ ಕಂಕುಳಲ್ಲಿ ಕೂಸಿಟ್ಟುಕೊಂಡು ಕೂತಿದ್ದರೆ, ಅವಳನ್ನು ಬೈಯಲು ಬಾಯಿ ತೆರೆಯಬೇಡಿ. ನಾನು ಎದ್ದು ಬಂದು ನಿಮ್ಮ ಕೈಯ ಮೈಕು ಕಸಿದು, ಆ ಕೂಸಿಗೆ ಕಾರಣ ನೀವೇ ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ.

ಇಂತಿ,
ಏಳನೇ ಇಯತ್ತೆಗೆ ಶಾಲೆ ಬಿಡಿಸಿ ಹದಿನೈದಕ್ಕೆ ಕೊಟ್ಟಿದ್ದರಿಂದ, ಮಗ್ಗುಲಲ್ಲಿ ಕೂಸು ಮಲಗಿಸಿಕೊಂಡು ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾಗಬೇಕಾಗಿ ಬಂದ
ಮಹಾನಂದಾ,
ಪಂಚಾಯಿತಿಯ ಮಾಜಿ ಮೆಂಬರು, ಆಳಂದ ತಾಲೂಕು