ಬೀಟಲ್ ಗೆದ್ದ ಭಾನುವಾರ

ಮಾರ್ಚ್ 9, ಭಾನುವಾರ

ಎಂದಿನಂತೆ ವಾದ. ದೊಡ್ಡಪ್ಪನ ಮಾರಿಸ್ ಮೈನರ್ ಹೆಚ್ಚೋ, ಪಕ್ಕದ ಮನೆಯ ಔಷಧಿ ಅಂಗಡಿಯವರ ಬೀಟಲ್ ಹೆಚ್ಚೋ? ಎರಡೂ ಐವತ್ತಾರನೇ ಇಸವಿಯ ಕಾರುಗಳು. ಘನ ನ್ಯಾಯಪೀಠ, ಅಂದರೆ ಬೋರಲು ಹಾಕಿದ ಬಕೆಟ್ ಮೇಲೆ ಕೂತ ನಾನು, ವಿಚಾರಣೆ ಆರಂಭಿಸಿತು.

"ಇಂಜಿನ್ ತಣ್ಣಗಿರೋಕೆ ನಿಮ್ಮದಕ್ಕೆ ನೀರು ಕುಡಿಸಬೇಕು. ನನ್ನದಕ್ಕೆ ಗಾಳಿ ಸಾಕು," ಅಂದರು ಅಂಗಡಿಯವರು.

"ಅದಕ್ಕೇ ಹೊಲಿಗೆ ಮಿಷನ್ ಥರ ಬಡ್ಕೊಳ್ಳುತ್ತೆ! ನನ್ನದು ಬಂದು ನಿಂತಿದ್ದೂ ಗೊತ್ತಾಗಲ್ಲ ಸ್ವಾಮಿ," ಅಂದರು ದೊಡ್ಡಪ್ಪ.

ಏರು ರಸ್ತೆಯ ಪರೀಕ್ಷೆಯಲ್ಲಿ ಬೀಟಲ್ ಮುಂದೆ. ಉಳಿದದ್ದು ಸದ್ದಿನ ಪರೀಕ್ಷೆ. ಅದರಲ್ಲಿ ಮೈನರ್ ಗೆಲ್ಲುವುದು ಖಂಡಿತ... ಸಮಸಮ ತೀರ್ಪಿನಲ್ಲಿ ಮಜಾ ಏನಿದೆ? ಅವರು ಕಾಫಿ ಕುಡಿಯುವಾಗ ಮೈನರ್‌ನ ಹಿಂದಿನ ಚಕ್ರದ ಮುಚ್ಚಳ ಬಿಚ್ಚಿ, ಒಳಗೆ ನಾಲ್ಕೈದು ಕಲ್ಲು ಹಾಕಿ, ಮುಚ್ಚಿದೆ.

ಬೀದಿಯುದ್ದಕ್ಕೂ ಗಡಗಡ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೀಟಲ್ ಗೆದ್ದಿದೆ ಎಂದು ಎದ್ದು ನಿಂತು ಘೋಷಿಸಿದೆ. ದೊಡ್ಡಪ್ಪನ ಮುಖ ನೋಡಲಾಗಲಿಲ್ಲ.

ಮಾರ್ಚ್ 10

ಥೂ.

ಸದ್ದು ಎಲ್ಲಿಂದ ಎಂದು ಅರ್ಧ ದಿನ ಹುಡುಕಿ, ಗೇರ್‌ಬಾಕ್ಸೇ ಹೋಗಿದೆ ಎಂದು ದೊಡ್ಡಪ್ಪ ತೀರ್ಮಾನಿಸಿದ್ದಾರೆ. ಅಪರಾಧಿ: ದೊಡ್ಡಮ್ಮ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಮೊನ್ನೆ ತಾನೇ ಮೊದಲ ಸಲ ಒಬ್ಬರೇ ಮಾರ್ಕೆಟ್‌ಗೆ ಹೋಗಿ ಬಂದಿದ್ದರು. ಬಂದವರು ಮನೆಮಂದಿಗೆಲ್ಲ ಎರಡೆರಡು ಸಲ ಆ ಕಥೆ ಹೇಳಿದ್ದರು.

"ಕ್ಲಚ್ ಪೂರ್ತಿ ಒತ್ತದೆ ಗೇರ್ ಹಾಕಿದ್ದೀಯ."

"ಒತ್ತಿದ್ದೆ ಅನ್ಸುತ್ತೆ ರೀ..."

"ಅನ್ಸುತ್ತಂತೆ! ಕೊಡು ಕೀ."

ಕೊಟ್ಟರು. ನಾನು ಅಲ್ಲೇ ಇದ್ದೆ.

ಮಾರ್ಚ್ 13

ಯಾರೂ ಇಲ್ಲದಾಗ ಕಲ್ಲು ತೆಗೆದೆ. ಸದ್ದು ಹೋದರೆ ಎಲ್ಲ ಸರಿಹೋಗುತ್ತದೆ. ಪ್ರಕರಣ ವಜಾ.

ಮಾರ್ಚ್ 16, ಭಾನುವಾರ

ವಜಾ ಆಗಲಿಲ್ಲ.

ದೊಡ್ಡಪ್ಪ ಒಂದು ಸುತ್ತು ಹೋಗಿ ಬಂದರು. ಸದ್ದೇ ಇಲ್ಲ. ಕಾಂಪೌಂಡ್ ಆಚೆಗೂ ಕೇಳುವಂತೆ ಕೂಗಿದರು: "ನೋಡಿದ್ಯಾ? ನೀನು ಒಂದು ವಾರ ಮುಟ್ಟಲಿಲ್ಲ, ತಾನಾಗೇ ಸರಿಹೋಯ್ತು!" ಅಂಗಡಿಯವರು ನಕ್ಕರು. ದೊಡ್ಡಮ್ಮನೂ ನಕ್ಕರು.

ಆಮೇಲೆ ನನ್ನ ರೂಮಿಗೆ ಬಂದರು.

"ನನ್ನ ಕೈಗೆ ಒಗ್ಗಲ್ಲ ಕಣೋ. ನಿನಗೆ ಕಲಿಸೋಕೆ ನಿಮ್ಮ ದೊಡ್ಡಪ್ಪನಿಗೆ ಹೇಳಿದ್ದೀನಿ. ಕ್ಲಚ್ ಮಾತ್ರ ಪೂರ್ತಿ ಒತ್ತು. ನನ್ನ ಹಾಗೆ ಮಾಡ್ಬೇಡ."

ತಲೆಯಾಡಿಸಿದೆ! ಯಾವ ಮುಖ ಇಟ್ಟುಕೊಂಡು ತಲೆಯಾಡಿಸಿದೆನೋ.

ಸಂಜೆ

ಹೊರಗೆ ಹಾರ್ನ್. ನನ್ನ ಮೊದಲ ಪಾಠ. ದೊಡ್ಡಪ್ಪ ಆಗಲೇ ಪಕ್ಕದ ಸೀಟಿಗೆ ಸರಿದು ಕೂತಿದ್ದಾರೆ. ದೊಡ್ಡಮ್ಮ ಗೇಟು ತೆರೆದು ಹಿಡಿದುಕೊಂಡಿದ್ದಾರೆ, ನನಗೋಸ್ಕರ. ಇಬ್ಬರೂ ಒಟ್ಟಿಗೇ ಇದ್ದಾರೆ. ಕಲ್ಲಿನ ವಿಷಯ ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ—