ಚಾಪೆ ಹೊದ್ದು ಬಂದವರು

ಸವಾಯಿ ದ್ವೀಪ
ಶುಕ್ರವಾರ, ಮಾರ್ಚ್ 14, 2014

ಮಗನೇ ಪೆನಿ,

ಇವತ್ತು ತಪಸ್ಸುಕಾಲದ ಶುಕ್ರವಾರ, ಉಪವಾಸ. ಹಂದಿಗಳಿಗೆ ತೆಂಗಿನಕಾಯಿ ಒಡೆದು ಹಾಕಿ, ಅಂಗಳ ಗುಡಿಸಿ, ಬರೀ ನೀರು ಕುಡಿದು ಬರೆಯಲು ಕೂತಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯಾ?

ನಿನ್ನ ತಮ್ಮ ಇಯೋನಾ ಸತ್ತದ್ದು ಹೇಗೆಂದು ನೀನು ಫೋನಿನಲ್ಲಿ ಕೇಳಿದೆಯಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಕ್ರಿಕೆಟ್ಟಿನಲ್ಲಿ ಔಟೋ ಅಲ್ಲವೋ ಎಂದು ಆಚೆ ಊರಿನ ಟೋಫಿಯ ಹಿರಿಮಗನ ಜೊತೆ ಜಗಳವಾಯಿತು. ಇವನು ಅವನ ಹಲ್ಲು ಉದುರಿಸಿದ. ಅವನೂ ಇನ್ನೂ ಮೂವರೂ ಮಚ್ಚು ಹಿಡಿದು ಕೆಸುವಿನ ತೋಟದುದ್ದಕ್ಕೂ ಅಟ್ಟಿಸಿಕೊಂಡು ಬಂದರು. ಚರ್ಚಿನ ಮೆಟ್ಟಿಲು ಹತ್ತುವಾಗ ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಕುತ್ತಿಗೆಗೆ. ನಾನು ಹೋದಾಗ ಬೆರಳು ಇನ್ನೂ ಆಡುತ್ತಿತ್ತು. ಮೆಟ್ಟಿಲನ್ನು ಮೂರು ಸಲ ತೊಳೆದೆ.

ಪೊಲೀಸರ ಇಂಗ್ಲಿಷ್ ಕಾಗದವನ್ನು ಮೇಷ್ಟ್ರು ಓದಿ ಹೇಳಿದರು. ಅಟ್ಟಿಸಿಕೊಂಡು ಬಂದದ್ದಕ್ಕೆ ಅದರಲ್ಲಿ ‘ಪರ್ಸ್ಯೂಟ್’ ಎಂದು ಬರೆದಿದೆಯಂತೆ. ಇಯೋನಾನ ಶಾಲೆಯ ಪ್ರಶಸ್ತಿಪತ್ರದಲ್ಲಿ ವಿದ್ಯೆಯ ಬೆನ್ನುಹತ್ತಿದ ಹುಡುಗ ಎನ್ನುವುದಕ್ಕೂ ಅದೇ ಮಾತು. ನ್ಯಾಯ ಹುಡುಕಿ ಬರುತ್ತೇನೆ ಎಂದು ನೀನು ಪೊಲೀಸರಿಗೆ ಬರೆದ ಅರ್ಜಿಯಲ್ಲೂ ಅದೇ. ‘ಒಳ್ಳೇದಕ್ಕೂ ಅದನ್ನೇ ಬರೀತಾರೆ, ಕೆಟ್ಟದ್ದಕ್ಕೂ ಅದನ್ನೇ ಬರೀತಾರಮ್ಮ’ ಅಂದರು ಮೇಷ್ಟ್ರು. ನಿನ್ನದು ಯಾವುದೆಂದು ನನಗೆ ಗೊತ್ತು. ಕೊಂದ ನಾಲ್ವರೂ ಜೈಲಿನಲ್ಲಿದ್ದಾರೆ. ಟೋಫಿಯ ಕಿರಿಮಗನನ್ನಾದರೂ ಬಿಡುವುದಿಲ್ಲ, ಮಚ್ಚು ಮಸೆದಿಡು ಎಂದು ಚಿಕ್ಕಪ್ಪನಿಗೆ ಹೇಳಿಕಳಿಸಿದ್ದೀಯ.

ಬುಧವಾರ ಬೆಳಗಿನ ಜಾವ ಟೋಫಿಯ ಮನೆಯವರೆಲ್ಲ ಬಂದು ನಮ್ಮ ಅಂಗಳದಲ್ಲಿ ತಲೆಬಾಗಿಸಿ ಕೂತರು. ಟೋಫಿ ನಯವಾದ ಚಾಪೆಯೊಂದನ್ನು ತಲೆಯ ಮೇಲಿಂದ ಹೊದ್ದಿದ್ದ. ಸತ್ತವರ ಕಡೆಯವರು ಚಾಪೆ ಎತ್ತಿದರೆ ಕ್ಷಮೆ. ಕಡಿದು ಹಾಕಿದರೂ ಹಾಗೆ ಬಂದು ಕೂತವರು ಕೈ ಎತ್ತುವುದಿಲ್ಲ. ನಮ್ಮವರು ಕಲ್ಲು ತೂರಿದರು. ಒಂದು ಕಲ್ಲು ಟೋಫಿಯ ಹೆಂಡತಿಯ ಹಣೆ ಒಡೆಯಿತು. ಅವಳು ರಕ್ತ ಒರೆಸಿಕೊಳ್ಳಲೂ ಇಲ್ಲ. ಚಿಕ್ಕಪ್ಪ ಕೊಡಲಿ ಎತ್ತಿ, ‘ಅತ್ಗೆ, ಒಂದ್ಸಲ ಹೂಂ ಅನ್ನು, ಬುರುಡೆ ಎರಡು ಹೋಳು ಮಾಡ್ತೀನಿ’ ಅಂದ. ಚಾಪೆಯೊಳಗಿಂದ ಟೋಫಿ, ‘ಹೊಡಿಯಪ್ಪ, ಹೊಡಿಸ್ಕೊಳ್ಳೋಕೇ ಬಂದಿದೀನಿ’ ಅಂದ. ಬಿಸಿಲೇರುವವರೆಗೂ ಹಾಗೇ ಇದ್ದರು.

ದೇವಮಾತೆ ನಿನ್ನನ್ನು ಕಾಯಲಿ. ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅಮ್ಮ
ಫಿಲೋಮೆನಾ

ಇನ್ನೊಂದು ಮಾತು: ಚಾಪೆ ಎತ್ತಿದವಳು ನಾನು. ಅಪ್ಪ ಹೋದ ಮೇಲೆ ಮನೆಯ ಹಿರಿತನ ನಿನ್ನದು, ಎತ್ತುವ ಹಕ್ಕೂ ನಿನ್ನದೇ. ಅದಕ್ಕೇ ಊರೆಲ್ಲ ಕೇಳುವಂತೆ ‘ಎತ್ತುತ್ತಿರೋನು ಪೆನಿ’ ಎಂದು ಕೂಗಿ ಎತ್ತಿದೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಇನ್ನು ನೀನು ಟೋಫಿಯ ಕಿರಿಮಗನನ್ನು ಮುಟ್ಟಿದರೆ, ಕ್ಷಮಿಸಿದವನೇ ಕೊಂದ ಹಾಗೆ. ಬಯ್ಯುವುದಿದ್ದರೆ ಬರೆದು ಬಯ್ಯಿ. ನಿನ್ನ ಅತ್ತೆಯ ಮಗಳು ಮಾರೀನಾ ತಿಂಗಳ ಕೊನೆಗೆ ಆಕ್ಲೆಂಡಿನಿಂದ ಬರುತ್ತಾಳೆ. ಹೊರಡುವ ಮುಂಚೆ ನಿನ್ನ ಬಾಗಿಲಿಗೇ ಹೋಗಿ ಉತ್ತರ ಇಸಕೊಂಡು ಬಾ ಎಂದು ಅವಳನ್ನು ಬೇಡಿಕೊಂಡಿದ್ದೇನೆ.