ಬೀರುವಿನ ಮೇಲಿನ ಗಿಡ

ಚನ್ನಗಿರಿ
18-8-1984

ಪ್ರೀತಿಯ ಮೂಕಿ,

‘ಹಳದಿಯಾದ ಎಲೆ ಯಾರ ಮೇಲೂ ದೂರು ಹೇಳುವುದಿಲ್ಲ’ ಎಂದೋ, ‘ದೂರಿಲ್ಲದೆ ಉದುರುತ್ತದೆ’ ಎಂದೋ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೋ ನೆನಪಿಲ್ಲ. ಓದಿದಾಗ ತಲೆದೂಗಿರಬೇಕು. ಈಗ ಅನ್ನಿಸುತ್ತದೆ, ಬರೆದವರು ಗಿಡ ಸಾಕಿದವರಲ್ಲ. ಎಲೆ ದೂರು ಹೇಳುತ್ತದೆ ಕಣೇ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಒಂದು ದೂರು, ಚಿಗುರು ಬಿಳಿಚಿಕೊಂಡರೆ ಇನ್ನೊಂದು, ಅಂಚು ಸುಟ್ಟಂತೆ ಕಂದಾದರೆ ಬೇರೆಯೇ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ನಿನ್ನ ಯಜಮಾನರು ಪಾಪಣ್ಣನವರ ಮಂಡಿನೋವು ಹೇಗಿದೆ? ಜಗಳೂರಿನ ಕಡೆ ಮಳೆ ಬಿತ್ತೇ? ನೀನು ಕೇಳಿದ್ದು ಒಂದೇ ಮಾತು. ಚನ್ನಗಿರಿಯ ಆಸ್ಪತ್ರೆಗೆ ವರ್ಗ ಮಾಡಿಸಿಕೊಳ್ಳಲೇ, ನಿಮ್ಮ ಪಕ್ಕದ ಶಿವಗಂಗಮ್ಮನವರ ಹಿತ್ತಲ ಕಡೆಯ ಕೋಣೆಗಳಿಗೆ ಬಾಡಿಗೆಗೆ ಬರಲೇ, ತಿಂಗಳ ಕೊನೆಯೊಳಗೆ ಹೇಳಕ್ಕ ಎಂದು. ಆ ಆಸೆ ಹಚ್ಚಿದವಳೇ ನಾನು. ‘ನಮ್ಮ ಕೇರಿ, ನಮ್ಮ ಜಾತಿ ಎಲ್ಲ ಗೊತ್ತಿದ್ದೂ ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಾಳೆ, ಇಂಥ ನೆರೆ ಎಲ್ಲಿ ಸಿಗುತ್ತದೆ, ಬಂದುಬಿಡು’ ಎಂದು ಬರೆದಿದ್ದೆ. ಅದೇ ಮಾತನ್ನು ಇನ್ನೊಮ್ಮೆ ಬರೆಯಲು ಈಗ ಕೈ ಏಳುತ್ತಿಲ್ಲ. ಕಾರಣ ಒಂದು ಮನಿಪ್ಲಾಂಟ್. ನಗಬೇಡ, ಪೂರ್ತಿ ಓದು.

ಹೊನ್ನಾಳಿಯಿಂದ ತಂದ ಬಳ್ಳಿಯೊಂದು ನನ್ನ ಮನೆಯಲ್ಲಿದೆಯಲ್ಲ, ಅದರಿಂದ ಎರಡು ತುಂಡು ಮುರಿದು, ಡಾಲ್ಡಾ ಡಬ್ಬಿಗಳಲ್ಲಿ ನೆಟ್ಟು ಶಿವಗಂಗಮ್ಮನಿಗೆ ಕೊಟ್ಟಿದ್ದೆ. ಒಂದನ್ನು ನಡುಮನೆಯ ಕಿಟಕಿಯಲ್ಲಿಟ್ಟಳು, ನಾನು ಕೂರುವ ಕುರ್ಚಿಯ ಪಕ್ಕಕ್ಕೆ. ಇನ್ನೊಂದು ಬೀರುವಿನ ಮೇಲೆ ಹೋಯಿತು, ನನ್ನ ಕೈಗೆ ನಿಲುಕದ ಎತ್ತರದಲ್ಲಿ. ಬೇಸಿಗೆಯ ಹೊತ್ತಿಗೆ ಕಿಟಕಿಯದು ಹಳದಿಗೆ ತಿರುಗಿತು.

“ಮೇಡಮ್ಮಾರೆ, ಕಾಲೇಜಿನಾಗೆ ಗಿಡದ ಪಾಠ ಹೇಳ್ತೀರಿ, ಇದಕ್ಕೇನಾಗೈತೆ ನೋಡ್ರಿ ಮತ್ತೆ” ಎಂದು ಕರೆದಳು.

ಅವಳ ಅತ್ತೆ ಶಂಕ್ರಮ್ಮ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತ ಕೂತಿದ್ದರು. “ಗಿಡಕ್ಕೂ ಡಾಕ್ಟ್ರೇನವ್ವ! ನಮ್ ಕಾಲಕ್ಕೆ ಮನುಷ್ಯರಿಗೇ ಗತಿ ಇರ್ಲಿಲ್ಲ.”

ಶಿವಗಂಗಮ್ಮನ ಗಂಡ ವಿರೂಪಾಕ್ಷಪ್ಪ ಅಡಿಕೆ ವ್ಯಾಪಾರದ ಮನುಷ್ಯ. ಅಂಗಿ ತೊಡುತ್ತಲೇ, “ಮನಿಪ್ಲಾಂಟ್ ಹಳದಿ ಆದ್ರೆ ಮನೇಗೆ ಬಂಗಾರ ಬರ್ತೈತೆ ಬಿಡ್ರಿ, ಔಷ್ದಿ ಗಿಷ್ದಿ ಮಾಡಾಕೆ ಹೋಗಬ್ಯಾಡ್ರಿ” ಎಂದು ನಗಿಸಿ ಹೊರಟರು.

ನಾನು ಡಾಕ್ಟರಾದೆ. ಮನೆಯೊಳಗಿನ ಗಿಡ ಹಳದಿಯಾಯಿತೆಂದರೆ ಮೊದಲ ಅನುಮಾನ ನೀರಿನ ಮೇಲೆಯೇ. ಬೆರಳು ಇಳಿಸಿ ನೋಡಿದೆ, ಮಣ್ಣು ಒದ್ದೆ. ಮೊಳೆಯಿಂದ ಡಬ್ಬಿಯ ತಳಕ್ಕೆ ತೂತು ಹೊಡೆದು, ಮೇಲೆ ಒಣಗಿದ ಮೇಲಷ್ಟೇ ನೀರು ಹಾಕಬೇಕೆಂದು ಹೇಳಿ ಬಂದೆ. ಎಲೆ ಇನ್ನೂ ಹಳದಿಯಾಯಿತು. ಆಮೇಲೆ ಬಿಸಿಲನ್ನು ಅನುಮಾನಿಸಿ ಕಿಟಕಿಗೆ ಪರದೆ ಕಟ್ಟಿಸಿದೆ. ಎಲೆಯ ಬೆನ್ನು ತಿರುಗಿಸಿ ಹುಳ ಹುಡುಕಿದೆ, ಇರಲಿಲ್ಲ. ನಲ್ಲಿ ನೀರಿನ ಬ್ಲೀಚಿಂಗ್ ಪೌಡರ್ ಇರಬಹುದೆಂದು ರಾತ್ರಿಯಿಡೀ ಇಟ್ಟ ನೀರನ್ನು ಹಾಕಿಸಿದೆ. ಕೊನೆಗೆ ಮಣ್ಣನ್ನೇ ಬದಲಿಸಿದೆ, ಗೊಬ್ಬರ ಬೆರೆಸದ ಬರೀ ಕೆಮ್ಮಣ್ಣು. ನಾನು ಹೋಗಿ ಆರೈಕೆ ಮಾಡಿ ಬಂದ ಪ್ರತಿಸಲವೂ ಅದು ಇನ್ನಷ್ಟು ಸೊರಗುತ್ತಿತ್ತು. ಎಲೆಯ ಅಂಚು ಸುಟ್ಟ ಹಾಗಾಗಿ, ಮಣ್ಣಿನ ಮೇಲೆ ಬೆಳ್ಳನೆಯ ಉಪ್ಪಿನಂಥ ಪದರ ಕಟ್ಟಿತು.

“ಏನು ಹಾಕ್ತಿದ್ದೀರಿ ಇದಕ್ಕೆ?” ಎಂದೆ.

“ನೀರು ಬಿಟ್ರೆ ಏನ್ ಹಾಕಾಣ ರೀ?” ಎಂದಳು ಶಿವಗಂಗಮ್ಮ. ಶಂಕ್ರಮ್ಮನ ಕುಟ್ಟಾಣಿ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ನಿಂತದ್ದು ನಿಜವೋ, ನನ್ನ ಕಿವಿಯ ಭ್ರಮೆಯೋ.

ಆವತ್ತು ಎದ್ದು ಬರುವಾಗ ಬೀರುವಿನ ಮೇಲೆ ಕಣ್ಣು ಹೋಯಿತು. ಅದೇ ತಾಯಿಬಳ್ಳಿ, ಅದೇ ನೀರು, ಹಾಕುವ ಕೈಯೂ ಅದೇ. ಅದು ಬೀರುವಿನ ಬಾಗಿಲಿನ ಮೇಲೆ ಇಳಿಬಿದ್ದು ಹಸಿರಾಗಿ ಹಬ್ಬಿತ್ತು. ನನ್ನ ಮನೆಯದೂ ಹಸಿರಾಗಿಯೇ ಇದೆ. ಹಾಗಾದರೆ ಕಿಟಕಿಯ ಗಿಡಕ್ಕೆ ಮಾತ್ರ ಇರುವ ವ್ಯತ್ಯಾಸ ಏನು? ಮನೆಗೆ ಬಂದು ಸೀರೆ ಬದಲಿಸುವಾಗ ಉತ್ತರ ಹೊಳೆಯಿತು. ಸೀರೆ ಕೈಯಲ್ಲಿ ಹಿಡಿದು ಹಾಗೇ ಕೂತೆ. ಕೂರುವ ಕುರ್ಚಿ ಬಿಟ್ಟರೆ ಆ ಮನೆಯಲ್ಲಿ ನಾನು ಮುಟ್ಟುವುದು ಆ ಗಿಡವೊಂದನ್ನೇ.

ಮೂಕಿ, ಅನುಮಾನ ನನ್ನ ಹಳೆಯ ಕಾಯಿಲೆ, ನಿನಗೂ ಗೊತ್ತು. ಹಾಸ್ಟೆಲಿನ ಊಟದ ಪಂಕ್ತಿಯಲ್ಲಿ ಹತ್ತಿದ್ದು ಇನ್ನೂ ಬಿಟ್ಟಿಲ್ಲ. ಹಾಗಾಗಿ ನನ್ನನ್ನೇ ನಂಬದೆ ಪ್ರಯೋಗಕ್ಕೆ ಇಳಿದೆ. ಮುಂದಿನ ಸಲ ಹೋದಾಗ ಬೀರುವಿನ ಮೇಲಿನದನ್ನು ಇಳಿಸಿಕೊಡಿ ಎಂದೆ. ಶಿವಗಂಗಮ್ಮ ಸ್ಟೂಲು ಹತ್ತಿ ಇಳಿಸಿದಳು. ಮಡಿಲಲ್ಲಿ ಇಟ್ಟುಕೊಂಡು ಎಲೆಯೆಲೆಯನ್ನೂ ಸವರಿ, ಎಷ್ಟು ಚೆನ್ನಾಗಿದೆ ಎಂದು ಹೊಗಳಿ, ಹಿಂದಕ್ಕೆ ಕೊಟ್ಟೆ. ಅದು ಮತ್ತೆ ಅದೇ ಜಾಗಕ್ಕೆ ಹೋಯಿತು. ಆಮೇಲೆ ಹೋದಾಗಲೆಲ್ಲ ಹಾಗೇ ಮಾಡಿದೆ. ಕಿಟಕಿಯ ಗಿಡವನ್ನು ಮಾತ್ರ ಮುಟ್ಟಲಿಲ್ಲ.

ಈಗ ಕಿಟಕಿಯದು ಚಿಗುರಿದೆ. ಬೀರುವಿನದು ಅಂಚಿನಿಂದ ಹಳದಿಯಾಗುತ್ತಿದೆ. ನಿನ್ನೆ ಅದರ ಮಣ್ಣು ಕೆದಕಿ ಬೆರಳು ಮೂಸಿದೆ. ದನದ ಕೊಟ್ಟಿಗೆಯ ವಾಸನೆ.

ನನ್ನ ಅನುಮಾನ ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಾನು ಹೋದ ಮೇಲೆ ಆ ಮನೆಯಲ್ಲಿ ಏನೋ ಶುದ್ಧಿ ನಡೆಯುತ್ತಿದೆ. ಮುದುಕಿಯ ಕೆಲಸ ಇರಬೇಕು, ಶಿವಗಂಗಮ್ಮನಿಗೆ ಗೊತ್ತಿರಲಾರದು ಎಂದು ಒಮ್ಮೆ ಅನ್ನಿಸುತ್ತದೆ. ಇನ್ನೊಮ್ಮೆ, ಅವಳು ನಗುವಾಗ ಆ ನಗುವನ್ನೇ ಎಲೆಯ ಬೆನ್ನಿನ ಹಾಗೆ ತಿರುಗಿಸಿ ನೋಡುತ್ತೇನೆ. ನನಗೆ ಜ್ವರ ಬಂದಾಗ ಗಂಜಿ ಹೊತ್ತು ತಂದವಳು ಅವಳೇ. ನೇರ ಕೇಳಿಬಿಡಬಹುದು. ಇಲ್ಲ ಎಂದರೆ ಇಷ್ಟು ದಿನ ಅನುಮಾನಿಸಿದ ನಾಚಿಕೆ ನನಗೆ. ಹೌದು ಎಂದರೆ ಈ ಊರಿನಲ್ಲಿ ಸಂಜೆ ಹೊತ್ತು ಹೋಗಿ ಕೂರಲು ನನಗೆ ಬೇರೆ ಮನೆಯಿಲ್ಲ.

ನೀನು ಸದ್ಯಕ್ಕೆ ಯಾರಿಗೂ ಒಪ್ಪಿಗೆ ಹೇಳಬೇಡ. ಕೋಣೆ ಕೊಡಲು ಅವರು ಸಂತೋಷದಿಂದಲೇ ಒಪ್ಪಿದ್ದಾರೆ, ಅದೂ ನನಗೆ ಈಗ ಅನುಮಾನವೇ. ಪಾಪಣ್ಣನವರಿಗೆ ನನ್ನ ನಮಸ್ಕಾರ. ನಿನ್ನ ಮನೆ, ನಿನ್ನ ಹಣೆ, ನಿನ್ನ ಕೆಲಸದ ಕೈ ಎಲ್ಲ ತಣ್ಣಗಿರಲಿ. ಯಾರ ಮುಂದೆಯೂ ಕುಗ್ಗದೆ ಬಾಳು.

ನಿನ್ನ ಅಕ್ಕ,
ಸುಂಕಲಮ್ಮ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ನಡೆದದ್ದು. ಕಾಗದ ಅಂಟಿಸುತ್ತಿದ್ದೆ, ಶಿವಗಂಗಮ್ಮ ತಟ್ಟೆಯಲ್ಲಿ ಮಂಡಕ್ಕಿ ಕಲಸಿ ತಂದು ಬಾಗಿಲಲ್ಲಿ ನಿಂತಳು. ತಟ್ಟೆ ತೆಗೆದುಕೊಂಡು ಕೇಳಿಯೇಬಿಟ್ಟೆ. ಅವಳು ದನಿಯನ್ನೂ ತಗ್ಗಿಸಲಿಲ್ಲ.

“ಅಯ್ಯೋ, ಅದಾ? ನೀವು ಮುಟ್ಟಿದ್ದಕ್ಕೆ ಒಂದೀಟು ಗಂಜಲ ಹಾಕ್ತೀನಿ ಕಣ್ರೀ, ಕುರ್ಚಿಗೂ, ಗಿಡಕ್ಕೂ. ಅತ್ತೇರು ಹಂಗಂದವ್ರೆ. ಹಾಕೋದಾದ್ರೆ ಒಳಗೆ ಬರ್ಲಿ, ಇಲ್ಲಾಂದ್ರೆ ಹೊರಗೇ ಮಾತಾಡ್ಸಿ ಕಳ್ಸು ಅಂತ. ನೀವು ಒಳಗೆ ಬರ್ಲಿ ಅಂತಾನೇ ರೀ ನಾನು ಹಾಕಾದು. ಗಿಡಕ್ಕೆ ಗೊಬ್ಬರ ಆಗ್ತೈತೆ ಅನ್ಕಂಡಿದ್ದೆ.”

ತಟ್ಟೆಯನ್ನು ಪಕ್ಕಕ್ಕಿಟ್ಟೆ. ಗಿಡ ಹಾಳಾಯಿತೆಂದು ಬೇಜಾರಾಗಿದ್ದೇನೆ ಅಂದುಕೊಂಡಳು. ಮೆಟ್ಟಿಲಿಳಿದವಳು ತಿರುಗಿ, ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು:

“ನಿಮ್ ತಂಗೀನೂ ಬರ್ಲಿ ಬಿಡ್ರಿ ಮೇಡಮ್ಮಾರೆ. ಇನ್ಮ್ಯಾಲೆ ಗಿಡಕ್ಕೆ ತಾಗದಂಗೆ ಹಾಕ್ತೀನಿ.”